ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಕಡ್ಡಾಯವನ್ನು ಕುರಿತ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಉತ್ತರ ಕನ್ನಡ, ಕಾರವಾರ.

ಮುಖಾಂತರ: ಮಾನ್ಯ ಸಹಾಯಕ ಆಯುಕ್ತರು, ಶಿರಸಿ ಉಪವಿಭಾಗ.

ಮಾನ್ಯರೇ,

ಘಟ್ಟದ ಮೇಲಣ ಈ ಮೂರು ತಾಲೂಕುಗಳ ನಿವಾಸಿಗಳಾದ ನಾವು, ತೋಟಿಗರೂ ಕೂಲಿಕಾರರೂ ಶಿಕ್ಷಕರೂ ವ್ಯಾಪಾರಸ್ಥರೂ ಕೂಡಿ, ತಮ್ಮ ಸಮಿತಿಯ ಸನ್ನಿಧಿಯಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ಟನ್ನೂ ಕಾರಿನಲ್ಲಿ ಸೀಟ್ ಬೆಲ್ಟನ್ನೂ ಕಡ್ಡಾಯಗೊಳಿಸಿರುವ ಶಾಸನವು ಪಟ್ಟಣದ ಎರಡು ಮೂರು ವೃತ್ತಗಳ ಶಾಸನವಾಗಿ ಉಳಿಯದೆ ಹಳ್ಳಿಯ ದಾರಿಗೂ ಘಟ್ಟದ ತಿರುವಿಗೂ ತಲುಪಬೇಕು, ಹಾಗೆ ತಲುಪಿಸುವಾಗ, ಪ್ರಜೆಯಿಂದ ಕೇಳುವ ವಿಧೇಯತೆಗೆ ಸಮನಾದ ಕರ್ತವ್ಯವನ್ನು ಸರ್ಕಾರವು ತಾನೂ ಹೊರಬೇಕು.

ಈ ಕಡ್ಡಾಯವೇ ಅನುಚಿತವೆಂದು ವಾದಿಸುವವರು ನಮ್ಮ ನಡುವೆಯೂ ಇರುವರು. ಅವರ ಮಾತನ್ನು ನಾವು ಲಘುವಾಗಿ ತಳ್ಳಿಹಾಕುವವರಲ್ಲ. ಡೇರಿಗೆ ಹಾಲು ಕೊಟ್ಟು ಬರುವ ಅರ್ಧ ಹರದಾರಿಗೆ ತಲೆಗೆ ಈ ಭಾರವೇಕೆ, ಜಡಿಮಳೆಯಲ್ಲಿ ಗಾಜು ಮಂಜುಗಟ್ಟಿ ದಾರಿಯೇ ಕಾಣದಾದಾಗ ಅದರಿಂದಲೇ ಅಪಾಯವಲ್ಲವೇ, ನನ್ನ ತಲೆ ನನ್ನದು, ಒಡೆದರೆ ನೋವೂ ನನ್ನದೇ, ಇದರಲ್ಲಿ ಸರ್ಕಾರಕ್ಕೇನು ಕೆಲಸ, ಎಂಬಿವು ಅವರ ಪ್ರಶ್ನೆಗಳು. ಗಾಜು ಮಸುಕಾದಾಗ ಅದನ್ನು ಮೇಲೆತ್ತಿಕೊಂಡು ಮೆಲ್ಲಗೆ ಸಾಗಬಹುದು. ತಲೆಬುರುಡೆಗೆ ಅಂಥ ಎರಡನೆಯ ಉಪಾಯವಿಲ್ಲ. ದೂರ ಸ್ವಲ್ಪವೆಂಬ ಮಾತಿಗೆ ನಮ್ಮ ತೋಟಗಳಲ್ಲಿಯೇ ಉತ್ತರವಿದೆ: ಮರ ಗಿಡ್ಡವೆಂದು ಕಾಲಿನ ಬಳ್ಳಿಯನ್ನು ಬಿಟ್ಟು ಅಡಕೆಯ ಮರವೇರಿದ ಕೊನೆಗೌಡನನ್ನು ನಾವಾರೂ ಕಂಡಿಲ್ಲ. ಇನ್ನು ತಲೆ ತನ್ನದೆಂಬ ವಾದವು ಸ್ವಾತಂತ್ರ್ಯದ ಹೆಸರಿನಲ್ಲಿ ಬರುವುದರಿಂದ ಗೌರವಾರ್ಹವೇ ಸರಿ. ಆದರೆ ದುಡಿಯುವವನೊಬ್ಬ ಹಾಸಿಗೆ ಹಿಡಿದ ಮನೆಯಲ್ಲಿ ಸುಗ್ಗಿಯ ಕೊನೆ ಕೊಯ್ಲೂ, ಸೊಸೈಟಿಯ ಸಾಲವೂ, ಮಕ್ಕಳ ಓದೂ, ಮುದಿ ತಂದೆತಾಯಿಗಳ ಔಷಧಿಯೂ ಒಮ್ಮೆಗೇ ನೆಲಕಚ್ಚುವುದನ್ನು ಕಂಡವರಿಗೆ, ಆ ತಲೆಯ ಮೇಲೆ ಎಷ್ಟು ಮಂದಿಯ ಬಾಳು ನಿಂತಿದ್ದಿತೆಂಬುದು ತಿಳಿಯದಿರದು.

ಘಟ್ಟಸೀಮೆಯಲ್ಲಿ ಇದಕ್ಕಿಂತ ಬಲವಾದ ಮತ್ತೊಂದು ಕಾರಣವುಂಟು. ತಲೆಗೆ ಬಿದ್ದ ಪೆಟ್ಟಿನಲ್ಲಿ ಒಳಗೆ ರಕ್ತ ಹೆಪ್ಪುಗಟ್ಟಿದರೆ ಗಳಿಗೆ ಗಳಿಗೆಗೂ ಬೆಲೆಯಿರುತ್ತದೆ. ನಮ್ಮ ಭಾಗದ ಗಾಯಾಳುವನ್ನಾದರೋ ಶಿರಸಿಯಿಂದ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೋ, ಘಟ್ಟವಿಳಿದು ಇನ್ನೂ ದೂರದ ಮಣಿಪಾಲಕ್ಕೋ ಒಯ್ಯಬೇಕಾಗುತ್ತದೆ. ಬಿದ್ದ ಜಾಗದಲ್ಲಿ ಮೊಬೈಲಿಗೆ ಸಂಕೇತ ಸಿಕ್ಕದೆ, ಸಿಕ್ಕುವ ದಿಬ್ಬದವರೆಗೆ ಓಡಿ ಆಂಬುಲೆನ್ಸ್ ಕರೆದು, ಅದು ಬರುವ ತನಕ ರಸ್ತೆಯ ಬದಿಯಲ್ಲಿ ಗಾಯಾಳುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತವರು ಈ ಮನವಿಗೆ ಸಹಿ ಮಾಡಿದವರಲ್ಲಿ ಇದ್ದಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಅಪ್ಪಳಿಸಿ ನಾಲ್ವರು ಅಸುನೀಗಿದಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಘಟ್ಟದ ಮೇಲೂ ಕೆಳಗೂ ಎದ್ದ ಕೂಗು ತಮಗೆ ವಿದಿತವೇ ಇದೆ. ಆ ಬೇಡಿಕೆಯನ್ನು ನಾವು ಬಿಟ್ಟವರಲ್ಲ, ಬಿಡುವವರೂ ಅಲ್ಲ. ಆದರೆ ಆಸ್ಪತ್ರೆ ಇಷ್ಟು ದೂರವಿರುವ ನಾಡಿನಲ್ಲಿ ತಲೆಯ ಮೇಲಣ ಹೆಲ್ಮೆಟ್ಟೇ ಮೊದಲ ಚಿಕಿತ್ಸೆ. ಅದನ್ನು ಐಚ್ಛಿಕವೆನ್ನುವುದು ನಮ್ಮಂಥವರಿಗೆ ಒಪ್ಪದು.

ಈ ವಿಚಾರವು ಹೊಸತೂ ಅಲ್ಲ. 1935ರಲ್ಲಿ ಅರೇಬಿಯಾದ ಲಾರೆನ್ಸನೆಂದು ಪ್ರಖ್ಯಾತನಾದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಕೆಲದಿನಗಳಲ್ಲಿ ಮೃತನಾದಾಗ, ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಒಬ್ಬರಾದ ಮಿದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಅವರು ಮುಂದೆ ಸೈನ್ಯದ ಸವಾರರ ಗಾಯಗಳನ್ನು ವರ್ಷಗಟ್ಟಲೆ ಅಭ್ಯಸಿಸಿ ಶಿರಸ್ತ್ರಾಣದ ಪ್ರಯೋಜನವನ್ನು ಪ್ರಮಾಣೀಕರಿಸಿದರು. 1941ರಲ್ಲಿ ಬ್ರಿಟಿಷ್ ಸೈನ್ಯವು ಅದನ್ನು ತನ್ನ ಮೋಟಾರ್ ಸೈಕಲ್ ಸವಾರರಿಗೆ ಕಡ್ಡಾಯಗೊಳಿಸಿತು. ಹೆಲ್ಮೆಟ್ ಧರಿಸಿದ ಸವಾರನಿಗೆ ಸಾವಿನ ಸಂಭವ ಶೇಕಡಾ 42ರಷ್ಟೂ ತಲೆಯ ಗಾಯದ ಸಂಭವ ಶೇಕಡಾ 69ರಷ್ಟೂ ತಗ್ಗುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯರು ಕಂಡುಕೊಂಡಿದ್ದಾರೆ. ಸೀಟ್ ಬೆಲ್ಟಿನ ಮಾತೂ ಇದೇ. ಹಿಂದಿನ ಆಸನದಲ್ಲಿ ಕುಳಿತವರಿಗೆ ಅದು ಬೇಡವೆಂಬ ಭ್ರಮೆಯು, 2022ರ ಸೆಪ್ಟೆಂಬರ್ 4ರಂದು ಪಾಲ್ಘರಿನ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಆಸನದಲ್ಲಿ ಬೆಲ್ಟಿಲ್ಲದೆ ಕುಳಿತಿದ್ದು ಮೃತರಾದ ಮೇಲೂ ನಮ್ಮಲ್ಲಿ ಅಳಿದಂತಿಲ್ಲ.

ಶಾಸನದಲ್ಲಿ ಕೊರತೆಯಿಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 129ನೆಯ ಕಲಮು, ಓಡಿಸುವವನೂ ಹಿಂದೆ ಕುಳಿತವರೂ ಹೆಲ್ಮೆಟ್ ಧರಿಸಿ ಅದರ ಪಟ್ಟಿಯನ್ನು ಭದ್ರವಾಗಿ ಬಿಗಿದಿರಬೇಕೆನ್ನುತ್ತದೆ. ಹಿಂಬದಿಯ ಸವಾರರ ವಿಷಯದಲ್ಲಿ ಕರ್ನಾಟಕವು 2016ರ ಜನವರಿಯಿಂದಲೇ ಇದನ್ನು ಜಾರಿಗೆ ತಂದಿದೆ. 2019ರ ತಿದ್ದುಪಡಿಯು 1,000 ರೂಪಾಯಿಗೇರಿಸಿದ ದಂಡವನ್ನು ನಮ್ಮ ರಾಜ್ಯವು ಅದೇ ಸೆಪ್ಟೆಂಬರಿನಲ್ಲಿ 500ಕ್ಕೆ ಇಳಿಸಿತು. ಆದರೆ ಹಳ್ಳಿಯಿಂದ ಹೊರಟ ಸವಾರನು ಹೆಲ್ಮೆಟ್ಟನ್ನು ಮೊಳಕೈಗೆ ತೂಗುಹಾಕಿಕೊಂಡು ಬಂದು, ಶಿರಸಿಯ ಯಲ್ಲಾಪುರ ನಾಕಾ ಹತ್ತಿರವಾದಾಗ ತಲೆಗೇರಿಸಿ, ಐದು ರಸ್ತೆ ವೃತ್ತವನ್ನು ದಾಟಿ, ಪೇಟೆಯ ಕೆಲಸ ತೀರಿದ ಮೇಲೆ ಮತ್ತೆ ಮೊಳಕೈಗೇ ಮರಳಿಸುವನು. ಮಳೆಗಾಲದಲ್ಲಿ ಪಾಚಿಗಟ್ಟುವ, ಇರುಳಿನಲ್ಲಿ ಹಂದಿಯೂ ಕಾಡುಕೋಣವೂ ಅಡ್ಡ ಬರುವ, ರಾತ್ರಿಯಿಡೀ ಯಕ್ಷಗಾನ ನೋಡಿ ನಿದ್ದೆಗಣ್ಣಿನಲ್ಲಿ ಮರಳುವವರ ದಾರಿಯಲ್ಲಿ ಬರಿದಾಗಿರುವ ತಲೆಯು, ವಾಹನಗಳು ಆಮೆಯ ನಡಿಗೆಯಲ್ಲಿ ಸಾಗುವ ಪೇಟೆಯಲ್ಲಿ ಮಾತ್ರ ಮುಚ್ಚಿರುತ್ತದೆ. ತಪಾಸಣೆ ಎಲ್ಲಿ ನಡೆಯುವುದೋ ಅಲ್ಲಿ ಮಾತ್ರ ಕಾನೂನು ಇದೆಯೆಂದು ಜನರು ತಿಳಿದರೆ ದೋಷವು ಜನರದೊಂದೇ ಅಲ್ಲ. ಆದುದರಿಂದ ತಪಾಸಣೆಯು ಗ್ರಾಮದ ಕೂಡುದಾರಿಗಳಲ್ಲಿಯೂ, ದೇವಿಮನೆ, ಅರಬೈಲು, ಮಾಲೆಮನೆ ಘಟ್ಟಗಳ ತಲೆಯಲ್ಲಿಯೂ, ಮಾರಿಕಾಂಬಾ ಜಾತ್ರೆಯಂಥ ಸಂದರ್ಭಗಳಲ್ಲಿ ಇರುಳಿನಲ್ಲಿಯೂ ನಡೆಯತಕ್ಕದ್ದೆಂದು ಕೋರುತ್ತೇವೆ.

ದಿನಗೂಲಿಯವನಿಗೆ 500 ರೂಪಾಯಿಯ ದಂಡವು ಒಂದು ದಿನದ ಅನ್ನ. ದಂಡಕ್ಕೆ ಹೆದರಿ ಅವನು ರಸ್ತೆಬದಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳುವ ತೆಳುವಾದ ಟೊಪ್ಪಿಗೆಯು ಪೊಲೀಸರ ಕಣ್ಣಿಗೆ ಹೆಲ್ಮೆಟ್ಟಾಗಿ ಕಾಣಬಹುದು, ಡಾಂಬರಿಗೆ ಬಡಿದಾಗ ಮಾತ್ರ ತಲೆಯನ್ನು ಕಾಯದು. ಭಾರತೀಯ ಮಾನಕ ಸಂಸ್ಥೆಯ ಐಎಸ್ 4151 ಮುದ್ರೆಯಿಲ್ಲದ ಹೆಲ್ಮೆಟ್ಟನ್ನು ಮಾರುವುದು 2021ರ ಜೂನ್ 1ರಿಂದ ನಿಷಿದ್ಧವಾಗಿದೆ. ಹೊಸ ದ್ವಿಚಕ್ರ ವಾಹನವನ್ನು ಮಾರುವಾಗಲೇ ಮುದ್ರೆಯುಳ್ಳ ಹೆಲ್ಮೆಟ್ಟನ್ನೂ ಒದಗಿಸಬೇಕೆಂಬ ನಿಯಮವೂ ಕೇಂದ್ರದ ನಿಯಮಾವಳಿಯಲ್ಲಿದೆ. ಕೊಳ್ಳುವವನನ್ನು ದಾರಿಯಲ್ಲಿ ತಡೆದು ದಂಡಿಸುವ ಮುನ್ನ ಮಾರುವವನ ಮಳಿಗೆಯನ್ನು ಶೋಧಿಸುವುದು ನ್ಯಾಯದ ಕ್ರಮ. ಮೊದಲ ಬಾರಿ ತಪ್ಪಿದವನು ವಾರದೊಳಗಾಗಿ ಮುದ್ರೆಯುಳ್ಳ ಹೆಲ್ಮೆಟ್ ಕೊಂಡು ತೋರಿಸಿದಲ್ಲಿ ದಂಡವನ್ನು ಮನ್ನಿಸುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು. 1923ರಿಂದ ತೋಟಿಗರ ಬೆನ್ನಿಗೆ ನಿಂತಿರುವ ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರಿ ಸಂಸ್ಥೆಗಳ ಮೂಲಕ ಕೊನೆಗೌಡರಿಗೂ ತೋಟದ ಆಳುಗಳಿಗೂ ಮುದ್ರೆಯುಳ್ಳ ಹೆಲ್ಮೆಟ್ಟು ಅಸಲು ಬೆಲೆಯಲ್ಲಿ ದೊರೆಯುವಂತೆ ಜಿಲ್ಲಾಡಳಿತವು ಮಾತುಕತೆ ನಡೆಸಬೇಕೆಂಬುದೂ ನಮ್ಮ ಬೇಡಿಕೆ.

ಮಕ್ಕಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುವ ರೂಢಿ ನಮ್ಮಲ್ಲಿ ಎಲ್ಲೆಡೆಯೂ ಇದೆ. ನಾಲ್ಕು ವರ್ಷ ತುಂಬಿದ ಮಗುವಿಗೆ ಹೆಲ್ಮೆಟ್ ಕಡ್ಡಾಯವೆಂಬುದನ್ನೂ, ಅದಕ್ಕಿಂತ ಕಿರಿಯ ಮಗುವಿಗೆ ಸವಾರನೊಡನೆ ಬಂಧಿಸುವ ಪಟ್ಟಿ, ಅಳತೆಗೆ ತಕ್ಕ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರಿನ ಮಿತಿ, ಇವು 2023ರ ಫೆಬ್ರುವರಿಯಿಂದ ಅನ್ವಯವಾಗಿವೆಯೆಂಬುದನ್ನೂ ಬಲ್ಲ ಪಾಲಕರು ವಿರಳ. ಶಾಲೆಗಳ ಪಾಲಕರ ಸಭೆಯಲ್ಲಿ ಇದನ್ನು ತಿಳಿಸುವ ಏರ್ಪಾಡಾಗಲಿ.

ಕಡೆಯದಾಗಿ ಹೇಳುವುದಾದರೂ ನಮ್ಮ ಮನಸ್ಸಿನಲ್ಲಿ ಮೊದಲಿರುವ ವಿಷಯವೊಂದಿದೆ. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿಗಳೊಂದಿಗೆ ಹೊರಟ ಬಡ ವ್ಯಾಪಾರಿಗಳ ಲಾರಿಯು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕುರುಳಿ ಹತ್ತು ಮಂದಿ ಮಡಿದರು. ಸರಕಿನ ಮೇಲೆ ಕುಳಿತವರಿಗೆ ಕಟ್ಟಿಕೊಳ್ಳಲು ಯಾವ ಬೆಲ್ಟೂ ಇರಲಿಲ್ಲ, ಏಕೆಂದರೆ ಆಸನವೇ ಇರಲಿಲ್ಲ. ಕಾರಿನಲ್ಲಿ ಕುಳಿತವನ ಎದೆಗೆ ಪಟ್ಟಿ ಕಟ್ಟಿಸುವ ಕಾನೂನು ಮೂಟೆಗಳ ನಡುವೆ ತೂಕಡಿಸುತ್ತ ಸಾಗುವ ಬಡವನನ್ನು ಕಾಣದೆ ಹೋದರೆ ಅದು ಅರ್ಧ ಕಾನೂನು. ಸರಕು ವಾಹನದಲ್ಲಿ ಜನರನ್ನು ಹೇರುವುದನ್ನು ಘಟ್ಟದ ತಲೆಯಲ್ಲಿಯೇ ತಡೆಯಬೇಕು. ತಡೆದವರನ್ನು ನಡುದಾರಿಯಲ್ಲಿ ಬಿಡದೆ, ಸಂತೆಯ ದಿನಗಳಂದು ನಸುಕಿನಲ್ಲಿ ಸಾಮಾನಿನೊಡನೆ ಹತ್ತಬಹುದಾದ ಬಸ್ಸುಗಳನ್ನು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯು ಓಡಿಸುವಂತೆ ಸಮಿತಿಯು ನಿರ್ಣಯ ಕೈಗೊಳ್ಳಬೇಕು. ತೋಟದ ಕೆಲಸಕ್ಕೆ ಆಳುಗಳನ್ನು ಪಿಕಪ್ಪಿನಲ್ಲಿ ನಿಲ್ಲಿಸಿ ತರುವ ಪದ್ಧತಿಯನ್ನು ತೋಟಿಗರಾದ ನಾವೇ ಕೈಬಿಡುವೆವೆಂದು ಈ ಮನವಿಯ ಮೂಲಕ ಮಾತು ಕೊಡುತ್ತೇವೆ.

ತಮ್ಮ ಸಮಿತಿಯ ಮುಂದಿನ ಸಭೆಯನ್ನು ಮಳೆಗಾಲ ಹಿಡಿಯುವ ಮುನ್ನ ಶಿರಸಿಯಲ್ಲಿ ನಡೆಸಿ, ಪ್ರಾದೇಶಿಕ ಸಾರಿಗೆ ಅಧಿಕಾರಿಗಳ, ಪೊಲೀಸ್ ಇಲಾಖೆಯ ಹಾಗೂ ಸಾರಿಗೆ ಸಂಸ್ಥೆಯ ಪ್ರತಿನಿಧಿಗಳ ಸಮಕ್ಷಮದಲ್ಲಿ ನಮ್ಮ ಅಹವಾಲನ್ನು ಆಲಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತು ತಮ್ಮ ವಿಶ್ವಾಸಿಗಳು,
ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ನಾಗರಿಕರು