ಕಾನ್ಸರ್ಟ್ ಮುಗಿದ ಮೇಲೆ ಕಿವಿ ಗುಂಯ್‌ಗುಡುವುದು ಹೆಮ್ಮೆಯ ವಿಷಯವೇ?

ಸಂಗೀತದ ಹುಚ್ಚಿರುವ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಎಲ್ಲಿಂದ ಶುರುವಾದರೂ ಕಾನ್ಸರ್ಟ್‌ಗಳಿಗೆ ಬಂದು ನಿಲ್ಲುತ್ತದೆ. 2007ರಲ್ಲಿ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದದ್ದು, 2011ರಲ್ಲಿ ಅದೇ ಮೈದಾನದಲ್ಲಿ ಮೆಟಾಲಿಕಾ ನುಡಿಸಿದ್ದು, ಯಾರು ಎಷ್ಟು ಹೊತ್ತು ಕ್ಯೂ ನಿಂತರು, ಯಾರಿಗೆ ವೇದಿಕೆಯ ಮುಂದೆಯೇ ಜಾಗ ಸಿಕ್ಕಿತು, ಹೀಗೆ. ಈ ಹರಟೆಯಲ್ಲಿ ಒಂದು ಮಾತು ಆಗಾಗ ಬರುತ್ತದೆ: "ಎರಡು ದಿನ ಕಿವಿ ಗುಂಯ್ ಅಂತಿತ್ತು ಮಗಾ!" ಹೇಳುವವರ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚು. ಕೇಳುವವರಿಗೂ ಅದು ಕಾನ್ಸರ್ಟ್ ಭರ್ಜರಿಯಾಗಿತ್ತು ಎಂಬುದಕ್ಕೆ ಸಾಕ್ಷಿ.

ಆ ಗುಂಯ್ ಶಬ್ದ ನಿಜವಾಗಿ ಏನನ್ನು ಹೇಳುತ್ತಿದೆ? ಮರುದಿನ ಅದು ನಿಂತರೆ ಕಿವಿ ಮೊದಲಿನಂತಾಯಿತು ಎಂದು ತಿಳಿಯಬಹುದೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ನೋಡೋಣ.

ಕಿವಿಯ ಒಳಗೆ ಏನಾಗುತ್ತದೆ?

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಎಂಬ ಪುಟ್ಟ ಅಂಗವಿದೆ. ಅದರೊಳಗೆ ಸಾಲುಸಾಲಾಗಿ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಅಲೆ ಬಂದಾಗ ಈ ಕೋಶಗಳ ತುದಿಯಲ್ಲಿರುವ ಸೂಕ್ಷ್ಮ ಎಳೆಗಳು ಬಾಗುತ್ತವೆ. ಆ ಬಾಗುವಿಕೆಯೇ ವಿದ್ಯುತ್ ಸಂಕೇತವಾಗಿ, ನರದ ಮೂಲಕ ಮಿದುಳನ್ನು ತಲುಪಿ ನಮಗೆ ಹಾಡಾಗಿ ಕೇಳಿಸುತ್ತದೆ.

ಶಬ್ದ ಅತಿಯಾದಾಗ ಈ ಕೋಶಗಳು ದಣಿಯುತ್ತವೆ, ಎಳೆಗಳು ಸೊರಗುತ್ತವೆ. ಆಗ ಕೆಲವು ಗಂಟೆಗಳ ಕಾಲ ಕಿವಿಗೆ ಹತ್ತಿ ತುರುಕಿದಂತೆ ಅನಿಸುತ್ತದೆ. ಕಿವಿಯಿಂದ ಬರುವ ಸಂಕೇತ ತಗ್ಗಿದಾಗ ಶ್ರವಣದ ನರಮಂಡಲ ತನ್ನ 'ವಾಲ್ಯೂಮ್' ಏರಿಸಿಕೊಳ್ಳುತ್ತದೆ, ಹೊರಗೆ ಇಲ್ಲದ ಶಬ್ದ ಒಳಗೆ ಕೇಳತೊಡಗುತ್ತದೆ ಎಂಬುದು ಗುಂಯ್ ಶಬ್ದಕ್ಕೆ ವಿಜ್ಞಾನಿಗಳು ಕೊಡುವ ಪ್ರಮುಖ ವಿವರಣೆ. ಇದೇ ಕಿವಿಮೊರೆತ ಅಥವಾ ಟಿನಿಟಸ್. ಸರಳವಾಗಿ ಹೇಳುವುದಾದರೆ, ಕಿವಿಗೆ ಅದರ ಶಕ್ತಿ ಮೀರಿ ಕೆಲಸ ಕೊಟ್ಟಿದ್ದೇವೆ ಎಂಬುದರ ಸೂಚನೆ ಇದು.

ಹೀಗೆ ಸತ್ತ ರೋಮಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೋಳಿ ಮುಂತಾದ ಹಕ್ಕಿಗಳಲ್ಲಿ ಅವು ಮರಳಿ ಬೆಳೆಯುತ್ತವೆ. ಆ ಭಾಗ್ಯ ನಮಗಿಲ್ಲ.

ಮರುದಿನ ಸರಿಹೋಯಿತಲ್ಲ, ಇನ್ನೇನು?

ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲಿ ಮೊರೆತ ನಿಂತು, ಕಿವಿ ತಿಳಿಯಾಗುತ್ತದೆ. ಹಾಗಾಗಿ ಏನೂ ನಷ್ಟವಾಗಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. 2009ರಲ್ಲಿ ಅಮೆರಿಕದ ಸಂಶೋಧಕರಾದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಅವರು ಇಲಿಗಳಿಗೆ ಎರಡು ಗಂಟೆ ಕಾಲ ಸುಮಾರು 100 ಡೆಸಿಬಲ್ ಶಬ್ದ ಕೇಳಿಸಿದರು. ಕೆಲವು ದಿನಗಳಲ್ಲಿ ಇಲಿಗಳ ಶ್ರವಣ ಪರೀಕ್ಷೆಯ ಫಲಿತಾಂಶ ಮೊದಲಿನಂತಾಯಿತು, ರೋಮಕೋಶಗಳೂ ಉಳಿದಿದ್ದವು. ಆದರೆ ಆ ಕೋಶಗಳನ್ನು ನರಕ್ಕೆ ಜೋಡಿಸುವ ಸಂಪರ್ಕಗಳು ಕಾಕ್ಲಿಯಾದ ಕೆಲವು ಭಾಗಗಳಲ್ಲಿ ಅರ್ಧದಷ್ಟು ಅಳಿದುಹೋಗಿದ್ದವು.

ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಬಗ್ಗೆ ಸಂಶೋಧಕರ ನಡುವೆ ಚರ್ಚೆ ಮುಂದುವರಿದಿದೆ. ಆದರೂ ಒಂದು ಪಾಠ ಸ್ಪಷ್ಟ: ಸಾಮಾನ್ಯ ಶ್ರವಣ ಪರೀಕ್ಷೆಯಲ್ಲಿ ಪಾಸಾದ ಕಿವಿಯೊಳಗೂ ನಷ್ಟ ಅಡಗಿರಬಹುದು. ಹುಲ್ಲುಗಾವಲನ್ನು ನೆನಪಿಸಿಕೊಳ್ಳಿ. ಒಮ್ಮೆ ತುಳಿದ ಹುಲ್ಲು ಮರುದಿನ ಎದ್ದು ನಿಲ್ಲುತ್ತದೆ. ಅದೇ ಜಾಗವನ್ನು ಮತ್ತೆಮತ್ತೆ ತುಳಿದರೆ ಅಲ್ಲಿ ಉಳಿಯುವುದು ಬೋಳು ಕಾಲುದಾರಿ.

ಶಬ್ದದ ಹೊಡೆತ ಮೊದಲು ಕಾಣುವುದು ಸಾಮಾನ್ಯವಾಗಿ ಎತ್ತರದ ಸ್ವರಗಳಲ್ಲಿ. ಡ್ರಮ್ಸ್‌ನ ಸಿಂಬಲ್ಲಿನ ಝಲಕು ಮಂಕಾಗುತ್ತದೆ, ಪಿಟೀಲಿನ ನಾದ ಸಪ್ಪೆಯಾಗುತ್ತದೆ. ಗದ್ದಲದ ಹೋಟೆಲಿನಲ್ಲಿ ಎದುರಿಗೆ ಕೂತವರ ಮಾತಿನ ಸಕಾರ, ಶಕಾರಗಳು ಜಾರಿಹೋಗುತ್ತವೆ. ಸಂಗೀತವನ್ನೇ ಉಸಿರಾಡುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಎಷ್ಟು ಶಬ್ದ, ಎಷ್ಟು ಹೊತ್ತು?

ಡೆಸಿಬಲ್ ಲೆಕ್ಕ ನಾವು ದಿನನಿತ್ಯ ಬಳಸುವ ಲೆಕ್ಕದಂತಲ್ಲ. ಶಬ್ದ 3 ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟಾಗುತ್ತದೆ. ಹಾಗಾಗಿ ಸುರಕ್ಷಿತವಾಗಿ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ಸುಮಾರು 4 ಗಂಟೆ. 100 ಡೆಸಿಬಲ್ ಆದರೆ ವಾರವಿಡೀ ಸೇರಿ ಸುಮಾರು 20 ನಿಮಿಷ ಮಾತ್ರ. ದೊಡ್ಡ ಕಾನ್ಸರ್ಟ್‌ಗಳಲ್ಲಿ 100 ಡೆಸಿಬಲ್ ಅಪರೂಪವೇನಲ್ಲ. ಅಂದರೆ ನಾಲ್ಕೈದು ಹಾಡು ಮುಗಿಯುವಷ್ಟರಲ್ಲಿ ಆ ವಾರದ ಕೋಟಾ ಖಾಲಿ!

12ರಿಂದ 35 ವರ್ಷ ವಯಸ್ಸಿನ 100 ಕೋಟಿಗೂ ಹೆಚ್ಚು ಜನ ಇಂಥ ಅಸುರಕ್ಷಿತ ಕೇಳುವಿಕೆಯಿಂದ ಅಪಾಯದಲ್ಲಿದ್ದಾರೆ ಎಂದು ಇದೇ ಸಂಸ್ಥೆ ಅಂದಾಜಿಸಿದೆ. ಇದರಲ್ಲಿ ಹೆಡ್‌ಫೋನ್, ಇಯರ್‌ಫೋನ್‌ಗಳ ಪಾಲೂ ಸೇರಿದೆ.

ಕೆಲವು ತಪ್ಪು ನಂಬಿಕೆಗಳು

"ಸ್ವಲ್ಪ ಹೊತ್ತಾದರೆ ಕಿವಿ ಒಗ್ಗಿಕೊಳ್ಳುತ್ತದೆ." ಅರ್ಧ ಗಂಟೆಯ ನಂತರ ಶಬ್ದ ಕಡಿಮೆಯಾದಂತೆ ಅನಿಸುವುದು ನಿಜ. ಸ್ಪೀಕರ್ ಮಾತ್ರ ಅಷ್ಟೇ ಜೋರಾಗಿದೆ. ತಗ್ಗಿರುವುದು ನಿಮ್ಮ ಕೇಳುವ ಶಕ್ತಿ.

"ನೋವಾಗದಿದ್ದರೆ ಅಪಾಯವಿಲ್ಲ." ಕಿವಿ ನೋಯಲು ಸುಮಾರು 120 ಡೆಸಿಬಲ್ ಆಸುಪಾಸಿನ ಶಬ್ದ ಬೇಕು. ಹಾನಿ ಅದಕ್ಕಿಂತ ಬಹಳ ಕೆಳಗಿನ ಮಟ್ಟದಲ್ಲೇ ಶುರುವಾಗಿರುತ್ತದೆ.

"ಇಷ್ಟದ ಹಾಡು ಕಿವಿಗೆ ಕೆಡುಕು ಮಾಡುವುದಿಲ್ಲ." ಕಾರ್ಖಾನೆಯ ಗದ್ದಲ, ಮೆಚ್ಚಿನ ಬ್ಯಾಂಡ್‌ನ ಗಿಟಾರ್ ಎಂದು ರೋಮಕೋಶ ಭೇದ ಮಾಡುವುದಿಲ್ಲ. ಅದಕ್ಕೆ ಗೊತ್ತಾಗುವುದು ಎಷ್ಟು ಶಕ್ತಿ, ಎಷ್ಟು ಹೊತ್ತು ಎಂಬುದಷ್ಟೇ. ಜರ್ಮನಿಯಲ್ಲಿ ಲಕ್ಷಾಂತರ ಜನರ ಆರೋಗ್ಯ ವಿಮೆಯ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃತ್ತಿಪರ ಸಂಗೀತಗಾರರಿಗೆ ಶಬ್ದದಿಂದ ಶ್ರವಣದೋಷ ಬರುವ ಸಾಧ್ಯತೆ ಇತರರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಎಂದು ಕಂಡುಬಂದಿತ್ತು.

ಬ್ಯಾಂಡ್‌ಗಳ ಕಥೆಯೂ ಇದನ್ನೇ ಹೇಳುತ್ತದೆ. ಲಂಡನ್ನಿನಲ್ಲಿ 1976ರಲ್ಲಿ ನುಡಿಸಿದ ಕಾರ್ಯಕ್ರಮಕ್ಕಾಗಿ 'ದಿ ಹೂ' ಬ್ಯಾಂಡ್ ಅತಿ ಜೋರಿನ ಬ್ಯಾಂಡ್ ಎಂದು ಗಿನ್ನೆಸ್ ಪುಸ್ತಕ ಸೇರಿತ್ತು. ಅದರ ಗಾಯಕ ರೋಜರ್ ಡಾಲ್ಟ್ರಿ ಮತ್ತು ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಇಬ್ಬರೂ ಮುಂದೆ ತಮ್ಮ ಶ್ರವಣದೋಷದ ಬಗ್ಗೆ ಬಹಿರಂಗವಾಗಿ ಮಾತನಾಡಿದರು. ಟೌನ್‌ಶೆಂಡ್ ಸ್ಟುಡಿಯೊದಲ್ಲಿ ಬಳಸಿದ ಹೆಡ್‌ಫೋನನ್ನೂ ದೂರಿದ್ದಾರೆ. ಕಿವಿಗೆ ಹಾನಿ ಮಾಡಿಕೊಳ್ಳಲು ಪ್ರೋತ್ಸಾಹ ಕೊಟ್ಟಂತಾಗಬಾರದು ಎಂದು ಗಿನ್ನೆಸ್ ಕೂಡ ಆ ವಿಭಾಗವನ್ನೇ ಕೈಬಿಟ್ಟಿತು.

ಎಚ್ಚರಿಕೆಯ ಮಾತು ಅಭಿಮಾನಿಗಳಿಗೆ ಯಾಕೆ ತಲುಪುವುದಿಲ್ಲ?

ಮೊದಲ ಕಾರಣ, ಆ ಮಾತು ಬರುವ ದಿಕ್ಕು. "ಸೌಂಡ್ ಕಮ್ಮಿ ಮಾಡು" ಎಂದು ಮನೆಯ ಹಿರಿಯರು ಗದರುವುದನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಹಾಗಾಗಿ ಕಿವಿಯ ಕಾಳಜಿ ಎಂದರೆ ಸಂಗೀತದ ಮೇಲಿನ ಸಿಟ್ಟು ಎಂದೇ ಅರ್ಥವಾಗಿಬಿಟ್ಟಿದೆ. ಅಭಿಮಾನಿಯ ಮಾತನ್ನು ಇನ್ನೊಬ್ಬ ಅಭಿಮಾನಿ ನಂಬುತ್ತಾನೆ. ಅಲ್ಲಿ ಮೊರೆತಕ್ಕೆ ಮೆಚ್ಚುಗೆ ಸಿಕ್ಕರೆ ಇಯರ್‌ಪ್ಲಗ್ ಹಾಕಿಕೊಂಡವನು ಪುಕ್ಕಲನಾಗಿ ಕಾಣುತ್ತಾನೆ.

ಎರಡನೆಯದು ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮೈದಾನದ ಗಡಿಯಲ್ಲಿ ಶಬ್ದ ಎಷ್ಟಿರಬೇಕು ಎಂಬ ಮಿತಿಯೂ ಇದೆ. ಇವೆಲ್ಲ ಕಾಂಪೌಂಡಿನ ಆಚೆ ಮಲಗಿರುವವರ ರಕ್ಷಣೆಗೆ. ಟಿಕೆಟ್ ಕೊಂಡು ಸ್ಪೀಕರ್ ಮುಂದೆ ನಿಂತವರ ಕಿವಿಯನ್ನು ಈ ನಿಯಮಗಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾನದಂಡ ಪ್ರೇಕ್ಷಕರನ್ನೇ ಕುರಿತದ್ದು: ಶಬ್ದದ ಸರಾಸರಿ 100 ಡೆಸಿಬಲ್ ಮೀರಬಾರದು, ಕಿವಿಗೆ ವಿಶ್ರಾಂತಿ ಕೊಡಲು ಶಾಂತ ಜಾಗವಿರಬೇಕು, ಇಯರ್‌ಪ್ಲಗ್ ಸಿಗಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ 93 ಡೆಸಿಬಲ್ ಮೀರುವ ಕಾರ್ಯಕ್ರಮಗಳ ಆಯೋಜಕರು ಇಯರ್‌ಪ್ಲಗ್‌ಗಳನ್ನು ಉಚಿತವಾಗಿ ಕೊಡಲೇಬೇಕು.

ಹಾಗಾದರೆ ಕಾನ್ಸರ್ಟ್‌ಗೆ ಹೋಗಬಾರದೇ?

ಖಂಡಿತ ಹೋಗಿ. ಇಯರ್‌ಪ್ಲಗ್ ಜೊತೆಗಿರಲಿ, ಅಷ್ಟೇ. ನೆದರ್ಲೆಂಡ್ಸ್‌ನ ಸಂಶೋಧಕರು ಆಮ್‌ಸ್ಟರ್‌ಡ್ಯಾಮಿನ ಒಂದು ಬಯಲು ಸಂಗೀತೋತ್ಸವದಲ್ಲಿ 51 ಜನರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕೂವರೆ ಗಂಟೆಯ ಸಂಗೀತದ ನಂತರ, ಇಯರ್‌ಪ್ಲಗ್ ಹಾಕದವರ 42% ಕಿವಿಗಳಲ್ಲಿ ಕೇಳುವ ಶಕ್ತಿ ತಾತ್ಕಾಲಿಕವಾಗಿ ತಗ್ಗಿತ್ತು. ಹಾಕಿದವರಲ್ಲಿ ಅದು 8% ಮಾತ್ರ. ಕಿವಿಮೊರೆತ ಹಾಕದವರಲ್ಲಿ 40%, ಹಾಕಿದವರಲ್ಲಿ 12%.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಅಗ್ಗದ ಸ್ಪಂಜಿನ ಇಯರ್‌ಪ್ಲಗ್ ಸರಿಯಾಗಿ ಕೂತರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಎತ್ತರದ ಸ್ವರಗಳನ್ನು ಹೆಚ್ಚು ತಡೆಯುವುದರಿಂದ ಹಾಡು ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಸಂಗೀತಗಾರರಿಗಾಗಿ ಮಾಡಿದ ಫಿಲ್ಟರ್ ಇರುವ ಇಯರ್‌ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತವೆ. 15 ಡೆಸಿಬಲ್ ತಗ್ಗಿದರೆ ಆ 20 ನಿಮಿಷದ ಕೋಟಾ ಲೆಕ್ಕದ ಪ್ರಕಾರ 10 ಗಂಟೆ ದಾಟುತ್ತದೆ. ಹತ್ತಿ, ಟಿಶ್ಯೂ ಕಾಗದ ಇವುಗಳಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಸ್ಪೀಕರ್‌ಗಳಿಂದ ದೂರ ನಿಲ್ಲುವುದು, ನಡುನಡುವೆ ಹತ್ತು ಹದಿನೈದು ನಿಮಿಷ ಹೊರಗೆ ಹೋಗಿ ಬರುವುದು, ಮರುದಿನ ಇಯರ್‌ಫೋನ್ ಮುಟ್ಟದಿರುವುದು, ಇವೂ ಕಿವಿಗೆ ಬಿಡುವು ಕೊಡುತ್ತವೆ. ಮಕ್ಕಳನ್ನು ಕರೆದೊಯ್ಯುವುದಾದರೆ ಅವರ ಅಳತೆಯ ಇಯರ್‌ಮಫ್ ಹಾಕಿಸಿ.

ಕೋಲ್ಡ್‌ಪ್ಲೇ ಬ್ಯಾಂಡ್‌ನ ಕ್ರಿಸ್ ಮಾರ್ಟಿನ್ ವರ್ಷಗಳಿಂದ ಕಿವಿಮೊರೆತ ಅನುಭವಿಸುತ್ತಿದ್ದು, ಕಿವಿರಕ್ಷೆ ಬಳಸುವುದಾಗಿ ಹೇಳಿಕೊಂಡಿದ್ದಾರೆ. ವೇದಿಕೆಯ ಮೇಲಿರುವವರೇ ಕಿವಿ ಮುಚ್ಚಿಕೊಂಡು ಹಾಡುವಾಗ ಕೆಳಗೆ ನಿಂತವರಿಗೆ ಸಂಕೋಚ ಯಾಕೆ?

ಕೊನೆಯದಾಗಿ, ಮೊರೆತ ಎರಡು ಮೂರು ದಿನ ಕಳೆದರೂ ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಶ್ರವಣ ತಪಾಸಣೆಯ ಸೌಲಭ್ಯವಿದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ತಾನಾಗಿ ಸರಿಹೋದೀತು ಎಂದು ಕಾಯದೆ ಅಂದೇ ವೈದ್ಯರಲ್ಲಿಗೆ ಹೋಗಿ. ಅಲ್ಲಿ ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.