ಕಂಡದ್ದನ್ನು ಬರೆದವರಿಗೆ ಅಂಕವಿರಲಿ

ಇಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಸೀಟು ದೊರೆಯದವರು ಸೇರತಕ್ಕ ತರಗತಿ ಎಂಬ ಅನಾದರದಿಂದ ಬಿ.ಎಸ್ಸಿ. ಪದವಿಯನ್ನು ಕಾಣುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೇರೂರಿದೆ. ಖ್ಯಾತ ರಸಾಯನವಿಜ್ಞಾನಿ ಪ್ರೊಫೆಸರ್ ಸಿ.ಎನ್.ಆರ್. ರಾಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪಡೆದದ್ದು ಇದೇ ಪದವಿಯನ್ನು ಎಂಬುದನ್ನು ನೆನೆದರೆ ಆ ಅನಾದರ ಎಷ್ಟು ನಿರಾಧಾರವೆಂಬುದು ವಿದಿತವಾದೀತು. ಆದರೆ ಹೊರಗಿನವರ ಉಪೇಕ್ಷೆಗಿಂತಲೂ ಹೆಚ್ಚಿನ ಹಾನಿಯನ್ನು ರಸಾಯನಶಾಸ್ತ್ರದ ವ್ಯಾಸಂಗಕ್ಕೆ ಉಂಟುಮಾಡುತ್ತಿರುವುದು ಒಳಗಿನದೇ ಆದ ಒಂದು ರೂಢಿ. ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಬಿಟ್ಟು, ಬರಬೇಕಾದದ್ದನ್ನು ಬರೆದಿಡುವ ರೂಢಿ.

ಈ ಶಾಸ್ತ್ರದಲ್ಲಿ ಪ್ರಯೋಗಶಾಲೆಯು ಪಾಠಕ್ಕೆ ಹಚ್ಚಿದ ಅನುಬಂಧವಲ್ಲ. ಪಾಠಕ್ಕೆ ಪ್ರಮಾಣವೇ ಅದು. ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನು ಬೆರೆಸಿ, 60–70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬ್ಯೂರೆಟ್ಟಿನಿಂದ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಬಿಡುವ ಸರ್ವಸಾಮಾನ್ಯವಾದ ಟೈಟ್ರೇಷನ್ನನ್ನೇ ನೋಡಿರಿ. ಮೊದಲ ಹನಿಯ ಬಣ್ಣ ಕೂಡಲೇ ಹೋಗದೆ ತುಸು ಹೊತ್ತು ನಿಲ್ಲುತ್ತದೆ. ತರುವಾಯದ ಹನಿಗಳಾದರೋ ಬಿದ್ದೊಡನೆಯೇ ಬಣ್ಣಗೆಡುತ್ತವೆ. ಕ್ರಿಯೆಯಲ್ಲಿಯೇ ಜನಿಸಿದ ಮ್ಯಾಂಗನೀಸ್ ಅಯಾನುಗಳು ಆ ಕ್ರಿಯೆಗೇ ವೇಗವರ್ಧಕಗಳಾಗುವುದು ಇದಕ್ಕೆ ಕಾರಣ. ಕಡೆಗೆ ಒಂದೇ ಹನಿ ಇಡೀ ದ್ರಾವಣಕ್ಕೆ ಮಾಯದ ನಸುಗೆಂಪನ್ನು ಕೊಟ್ಟಾಗ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿ, ಬ್ಯೂರೆಟ್ಟಿನಲ್ಲಿರುವ ಕಡುಬಣ್ಣದ ದ್ರಾವಣದ ಮೇಲಂಚಿಗೆ ಕಣ್ಣನ್ನು ಸಮನಾಗಿ ಹಿಡಿದು ರೀಡಿಂಗ್ ಬರೆದುಕೊಳ್ಳಬೇಕು. ಇಷ್ಟನ್ನು ಶ್ರದ್ಧೆಯಿಂದ ಮಾಡಿದ ವಿದ್ಯಾರ್ಥಿಯು ರಾಸಾಯನಿಕ ಕ್ರಿಯೆಯ ವೇಗವೆಂದರೇನೆಂಬುದನ್ನು ಪುಸ್ತಕ ತೆರೆಯುವ ಮೊದಲೇ ಅರಿತಿರುತ್ತಾನೆ.

ಹೀಗಿದ್ದೂ ಪ್ರಾಯೋಗಿಕ ಪರೀಕ್ಷೆಯಲ್ಲಿ ನಡೆಯುವುದೇನು? ಉತ್ತರವು ಪರೀಕ್ಷಕರ ಬಳಿಯಿರುವ ಸಂಖ್ಯೆಗೆ ಎಷ್ಟು ಸಮೀಪವೋ ಅಷ್ಟು ಅಂಕವೆಂಬ ಕ್ರಮ ಎಲ್ಲಿ ಬಳಕೆಯಲ್ಲಿದೆಯೋ ಅಲ್ಲೆಲ್ಲ ಆ ಸಂಖ್ಯೆಯನ್ನು ಮೊದಲು ಊಹಿಸಿಕೊಂಡು, ಹಿಂದಿನಿಂದ ಲೆಕ್ಕ ಹಾಕಿ, ಬ್ಯೂರೆಟ್ಟು ತೋರಿಸದ ರೀಡಿಂಗನ್ನು ಕೋಷ್ಟಕದಲ್ಲಿ ತುಂಬುವ ಪ್ರಲೋಭನೆ ಸಹಜವಾಗಿಯೇ ಹುಟ್ಟುತ್ತದೆ. ಮೂರು ಸಲ ಮಾಡಬೇಕಾದ ಟೈಟ್ರೇಷನ್ನನ್ನು ಒಮ್ಮೆ ಮಾಡಿ, ಉಳಿದೆರಡು ಸಾಲುಗಳಲ್ಲಿ ಅದೇ ಅಂಕಿಯನ್ನು ಬರೆಯುವುದೂ, ಹಿಂದಿನ ವರ್ಷದವರ ರೆಕಾರ್ಡನ್ನು ಯಥಾವತ್ತಾಗಿ ನಕಲು ಮಾಡುವುದೂ ಇದರ ಮುಂದುವರಿಕೆಯೇ. ಇದಕ್ಕಾಗಿ ಮಕ್ಕಳನ್ನು ದೂಷಿಸುವುದು ನ್ಯಾಯವಲ್ಲ. ಯಾವುದಕ್ಕೆ ಅಂಕವಿದೆಯೋ ಅದನ್ನೇ ಅವರು ಕಲಿತಿದ್ದಾರೆ.

ಪರಿಹಾರವು ದುಬಾರಿಯದಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಬಾವಿಯ ಅಥವಾ ಕೊಳವೆಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತರಲಿ. ಅದರ 50 ಮಿ.ಲೀ.ಗೆ ಅಮೋನಿಯಾ ಬಫರನ್ನೂ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕವನ್ನೂ ಸೇರಿಸಿ, 0.01 ಮೋಲಾರ್ ಇಡಿಟಿಎ ದ್ರಾವಣವನ್ನು ಬಿಡುತ್ತ ಹೋದರೆ ದ್ರಾಕ್ಷಾರಸದ ಕೆಂಪು ಕಳೆದು ನೀಲಿ ಮೂಡುತ್ತದೆ. ಇದಕ್ಕೆ 20 ಮಿ.ಲೀ. ಹಿಡಿದರೆ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಆ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕವು 200ನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 600ರವರೆಗೆ ಸಹಿಸಬಹುದೆಂದೂ ವಿಧಿಸಿದೆ. ಮನೆಯ ಬೇಳೆ ಏಕೆ ಬೇಯುವುದಿಲ್ಲ, ಸೋಪು ಏಕೆ ನೊರೆಗಟ್ಟುವುದಿಲ್ಲ ಎಂಬುದನ್ನು ತನ್ನ ಕೈಯಿಂದಲೇ ಅಳೆದು ತಿಳಿದ ವಿದ್ಯಾರ್ಥಿನಿಗೆ ಸುಳ್ಳು ಅಂಕಿ ಬರೆಯುವ ಮನಸ್ಸಾದರೂ ಹೇಗೆ ಬಂದೀತು?

ಉತ್ತರವು ಪರೀಕ್ಷಕರಿಗೇ ತಿಳಿಯದಿರುವಾಗ ಅಂಕ ಕೊಡುವುದು ಹೇಗೆಂದು ಅಧ್ಯಾಪಕರು ಕೇಳಬಹುದು. ಒಂದೊಂದು ಬ್ಯಾಚಿನಲ್ಲಿ ನೆರೆದಿರುವ ವಿದ್ಯಾರ್ಥಿಗಳ ಸಂಖ್ಯೆಯನ್ನು ಕಂಡವರು ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೂ ಮೂರು ರೀಡಿಂಗುಗಳ ಪರಸ್ಪರ ಸಾಮೀಪ್ಯವನ್ನೂ, ಲೆಕ್ಕದ ಶುದ್ಧಿಯನ್ನೂ, ಒಂದು ರೀಡಿಂಗ್ ಬೇರೆಯಾಗಿ ಬಂದಿದ್ದರೆ ಅದಕ್ಕೆ ಕೊಟ್ಟ ಸಮಾಧಾನವನ್ನೂ ನೋಡಿ ಬೆಲೆಕಟ್ಟುವುದು ಸಾಧ್ಯ. ಸಂದೇಹ ಬಂದಲ್ಲಿ ಅದೇ ಬಾಟಲಿಯ ನೀರನ್ನು ಪರೀಕ್ಷಕರೆದುರಿಗೇ ಇನ್ನೊಮ್ಮೆ ಅಳೆಯಬಹುದು.

ಈ ಪದವೀಧರರಲ್ಲಿ ಹಲವರು ನಾಳೆ ಔಷಧ ಕಾರ್ಖಾನೆಗಳ ಗುಣಪರೀಕ್ಷಾ ವಿಭಾಗಗಳಲ್ಲಿಯೂ, ನೀರು ಮತ್ತು ಆಹಾರವನ್ನು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿಯೂ ಕುಳಿತು ವರದಿಗಳಿಗೆ ಸಹಿ ಹಾಕತಕ್ಕವರು. ಆ ಸಹಿಯನ್ನು ನಂಬಿ ರೋಗಿಯು ಮಾತ್ರೆಯನ್ನು ನುಂಗುತ್ತಾನೆ, ತಾಯಿಯು ಮಗುವಿಗೆ ನೀರು ಕುಡಿಸುತ್ತಾಳೆ. ಆದಕಾರಣ ನಮ್ಮ ವಿಶ್ವವಿದ್ಯಾನಿಲಯಗಳ ಅಧ್ಯಯನ ಮಂಡಳಿಗಳು ಪ್ರಾಯೋಗಿಕ ಪರೀಕ್ಷೆಯ ಅಂಕವಿತರಣೆಯನ್ನು ಪುನರ್ವಿಮರ್ಶೆ ಮಾಡಿ, ಸರಿಯಾದ ಸಂಖ್ಯೆಗೆ ಮೀಸಲಾದ ಅಂಕಗಳಲ್ಲಿ ಅರ್ಧವನ್ನಾದರೂ ಪ್ರಾಮಾಣಿಕವಾದ ಅಳತೆಗೂ ಅದರ ವಿವರಣೆಗೂ ವರ್ಗಾಯಿಸತಕ್ಕದ್ದು.