ಆಟದ ಪಿರಿಯಡ್ಡಿನಲ್ಲಿ ತರಗತಿಯೊಳಗೇ ಉಳಿಯುವ ಮಗು

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ 29 ಪದಕಗಳನ್ನು ಗೆದ್ದಾಗ ದೇಶವೆಲ್ಲ ಸಂಭ್ರಮಿಸಿತು. ಸಂಭ್ರಮಿಸಬೇಕಾದುದೇ. ಆದರೆ ಆ ಪದಕಗಳ ಹಿಂದೆ ವರ್ಷಾನುಗಟ್ಟಲೆ ನಸುಕಿನಲ್ಲಿ ಮೈದಾನಕ್ಕೆ ಬಂದು ನಿಂತ ತರಬೇತುದಾರರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿರೆಂದರೆ ನಮ್ಮಲ್ಲಿ ಬಹುತೇಕರು ತಡವರಿಸುತ್ತೇವೆ.

ಸಕೀನಾ ಖಾತೂನ್ ಪಶ್ಚಿಮ ಬಂಗಾಳದ ಬಡ ಕುಟುಂಬದ ಹೆಣ್ಣುಮಗಳು. ಬಾಲ್ಯದಲ್ಲೇ ಪೋಲಿಯೊ ಆಕೆಯ ಕಾಲಿನ ಶಕ್ತಿಯನ್ನು ಕಸಿದುಕೊಂಡಿತು. ಈಜಿನಿಂದ ಆರಂಭಿಸಿ ಪವರ್‌ಲಿಫ್ಟಿಂಗ್‌ನತ್ತ ಹೊರಳಿದ ಆಕೆ ಬೆಂಗಳೂರಿನಲ್ಲಿ ಫರ್ಮಾನ್ ಬಾಷಾ ಅವರ ಬಳಿ ಪಳಗಿದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು, 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕೂಟದಲ್ಲಿ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಐದನೆಯ ಸ್ಥಾನ ಪಡೆದರು. ಗುರು ಫರ್ಮಾನ್ ಬಾಷಾ ಸ್ವತಃ ವಿಕಲಚೇತನ ಕ್ರೀಡಾಪಟು. 2016ರ ರಿಯೊ ಕೂಟದಲ್ಲಿ 49 ಕಿಲೊ ವಿಭಾಗದಲ್ಲಿ ನಾಲ್ಕನೆಯವರಾಗಿ, ಪದಕವನ್ನು ಕಳೆದುಕೊಂಡವರು.

ಈ ಕ್ರೀಡೆಯಲ್ಲಿ ಸ್ಪರ್ಧಿಯು ಬೆಂಚಿನ ಮೇಲೆ ಮಲಗಿ, ಭಾರದ ಸರಳನ್ನು ಎದೆಯವರೆಗೆ ಇಳಿಸಿ, ಕ್ಷಣಕಾಲ ಅಲುಗದಂತೆ ನಿಲ್ಲಿಸಿ, ಎರಡೂ ತೋಳುಗಳಿಂದ ಸಮವಾಗಿ ಮೇಲೆತ್ತಬೇಕು. ಅವಕಾಶ ಮೂರೇ ಮೂರು. ಮೊದಲ ಯತ್ನಕ್ಕೆ ಎಷ್ಟು ಕಿಲೊ ಹಾಕಿಸಬೇಕೆಂಬ ಲೆಕ್ಕ ತಪ್ಪಿದರೆ ವರ್ಷಗಳ ಶ್ರಮ ನಿಮಿಷಗಳಲ್ಲಿ ಮಣ್ಣಾಗುತ್ತದೆ. ನೆಲಕ್ಕೆ ಕಾಲೂರಲಾಗದ ದೇಹ ಎಲ್ಲಿ ಜಾರುತ್ತದೆ, ಯಾವ ಭುಜ ಮೊದಲು ಸೋಲುತ್ತದೆ ಎಂಬುದನ್ನು ಅದೇ ಬೆಂಚಿನ ಮೇಲೆ ಮಲಗಿದವರು ಬಲ್ಲಷ್ಟು ಇನ್ನಾರು ಬಲ್ಲರು?

ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರದು ಮತ್ತೊಂದು ಬಗೆ. ದೃಷ್ಟಿಯಿಲ್ಲದ ಈ ಓಟಗಾರ್ತಿಗೆ ರಾಹುಲ್ ಬಾಲಕೃಷ್ಣ ಅವರು ತರಬೇತುದಾರರೂ ಹೌದು, ಪಕ್ಕದಲ್ಲಿ ಓಡುವ ಮಾರ್ಗದರ್ಶಿಯೂ ಹೌದು. ಇಬ್ಬರನ್ನೂ ಬೆಸೆಯುವುದು ಒಂದು ಗೇಣುದ್ದದ ಹಗ್ಗ. ಮಾರ್ಗದರ್ಶಿ ಎಳೆಯುವಂತಿಲ್ಲ, ದೂಡುವಂತಿಲ್ಲ, ಗುರಿಯ ಗೆರೆಯನ್ನು ಆಕೆಗಿಂತ ಮೊದಲು ದಾಟುವಂತೆಯೂ ಇಲ್ಲ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕೂಟದ 1500 ಮೀಟರ್ ಚಿನ್ನ ಹೀಗೆ ಬಂದದ್ದು. ಹಾಗೆಯೇ, ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು ರಿಯೊದಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದದ್ದು ಬೆಂಗಳೂರಿನ ತರಬೇತುದಾರ ಸತ್ಯನಾರಾಯಣ ಅವರ ಕಣ್ಣಿಗೆ ಬಿದ್ದ ನಂತರ.

ಇವೆಲ್ಲವೂ ಬೆಂಗಳೂರಿನ ಸುತ್ತ ಸುತ್ತುವ ಕಥೆಗಳೆಂಬುದನ್ನು ಗಮನಿಸಬೇಕು. ಕಲಬುರಗಿಯ ಮಗುವಿಗೆ ಬೆಂಗಳೂರು ಒಂದು ರಾತ್ರಿಯ ರೈಲು ಪ್ರಯಾಣ. ಹಾಗಾದರೆ ನಮ್ಮ ಸೇಡಂ ರಸ್ತೆಯಲ್ಲಿ ಏನಿಲ್ಲ? ಗುಲ್ಬರ್ಗ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವಿದೆ. ಇಎಸ್‌ಐ ವೈದ್ಯಕೀಯ ಕಾಲೇಜಿದೆ. ಒಂದೆಡೆ ಬಯಲು, ಇನ್ನೊಂದೆಡೆ ವೈದ್ಯರು. ಕೊರತೆಯಿರುವುದು ಇವೆರಡನ್ನೂ ಬೆಸೆಯುವ ತರಬೇತುದಾರರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೆಯ ಕಲಮು ಕ್ರೀಡೆಯಲ್ಲಿ ಅವರ ಪಾಲ್ಗೊಳ್ಳುವಿಕೆಯನ್ನು ಖಾತ್ರಿಪಡಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಹಣ ಮೀಸಲಿಡಲು, ಸೌಕರ್ಯಗಳನ್ನು ಮಾರ್ಪಡಿಸಲು ಹೇಳಿದೆ. ದೈಹಿಕ ಶಿಕ್ಷಣ ಪದವಿ ಪಡೆದು ಹೊರಬರುವ ಪ್ರತಿಯೊಬ್ಬ ಯುವಕ ಯುವತಿಯೂ ಅಂಧ ಮಗುವಿನೊಡನೆ ಹಗ್ಗ ಹಿಡಿದು ಒಂದು ಸುತ್ತಾದರೂ ಓಡಿರಬೇಕೆಂದು ನಮ್ಮ ವಿಶ್ವವಿದ್ಯಾಲಯ ನಿಯಮ ಮಾಡಿದರೆ ಅದಕ್ಕೆ ಕೋಟಿಗಳೇನೂ ಬೇಕಿಲ್ಲ.

ಸಮುದಾಯದೊಳಗಿನ ಮಾತನ್ನೂ ಆಡಿಬಿಡೋಣ. ನಮ್ಮ ಜಮಾಅತ್‌ಗಳು ತ್ರಿಚಕ್ರ ವಾಹನ ವಿತರಿಸುತ್ತವೆ, ಫೋಟೊ ತೆಗೆಸಿಕೊಳ್ಳುತ್ತವೆ. ವಾಹನ ಬೇಕು, ನಿಜ. ಆದರೆ ಅದನ್ನು ಏರಿದ ಹುಡುಗಿ ಹೋಗಬೇಕಾದುದಾದರೂ ಎಲ್ಲಿಗೆ? ಕಾಲು ಸರಿಯಿಲ್ಲದ ಮಗಳು ಕಣ್ಣೆದುರಿಗೇ ಇರಲಿ ಎಂಬ ತಾಯಿಯ ಮಮತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆ ಮಮತೆಯಲ್ಲಿ, ನಾಲ್ಕು ಜನ ನೋಡುತ್ತಾರೆಂಬ ಸಂಕೋಚವೂ ಒಂದಿಷ್ಟು ಬೆರೆತಿಲ್ಲವೇ?

ಆಟದ ಪಿರಿಯಡ್ಡಿನ ಗಂಟೆ ಬಾರಿಸಿದಾಗ ಇಡೀ ತರಗತಿ ಹೊರಗೋಡುತ್ತದೆ. ಉಳಿದವರ ಚೀಲಗಳನ್ನು ಕಾಯಲು ಒಂದು ಮಗು ಒಳಗೇ ಕೂರುತ್ತದೆ. ಆ ಮಗುವಿನ ಪೋಷಕರು ನಾಳೆಯೇ ಶಾಲೆಗೆ ಹೋಗಿ, ನಮ್ಮ ಮಗುವಿಗೆ ಯಾವ ಆಟ ಕಲಿಸುವಿರಿ ಎಂದು ಮೇಷ್ಟ್ರನ್ನು ಕೇಳಲಿ. ಅವರಿಗೆ ಗೊತ್ತಿಲ್ಲದಿದ್ದರೆ, ಕಲಿತು ಬರಲು ಅವರನ್ನು ಬೆಂಗಳೂರಿಗೆ ಕಳುಹಿಸುವ ಖರ್ಚನ್ನು ಮೊಹಲ್ಲಾದ ಹಿರಿಯರು ಭರಿಸಲಿ.